ನಾಲ್ಕರ ಲೆಕ್ಕ

ನಮ್ಮ ಬೆಟಗೇರಿ ಓಣ್ಯಾಗ ಆ ಕಡೆ ಮಗ್ಗ, ಈ ಕಡೆ ಪ್ರೆಸ್ಸು.
ಎರಡೂ ಒಮ್ಮೆಲೆ ಸುಮ್ಮಾದ್ರ
ಕರೆಂಟ್ ಹೋತು ಅಂತ ತಿಳಕೋಬೇಕು.
ಅಂಥ ಸುಮ್ಮನೆ ಹೊತ್ತಿನಾಗ ಬಂದ್ಲು ದೇವಕ್ಕ ಟೀಚರ್,
ನಾಗಾವಿ ಅಂಗನವಾಡಿಯಾಕಿ.
ಕೈಯಾಗ ಗಾಜು ಒಡದ ಮೊಬೈಲು, ಬೆನ್ನಿಗೆ ಮಗಳು.
"ಇದರಾಗಿನವು ಕಾಗದಕ್ಕ ಇಳೀಬೇಕ್ರಿ ಇಮಾಮಣ್ಣ,
ಒಂದು ಪುಸ್ತಕ ಆಗಬೇಕು.
ಇದು ಇನ್ನ ಭಾಳ ದಿನ ಬಾಳೂದಿಲ್ಲ."

ನಾ ಮದುವಿ ಆಲ್ಬಮ್ ಕಟ್ಟಾಂವ.
ಅಕ್ಕಿಕಾಳು ಗಾಳ್ಯಾಗ ನಿಂತಿರತಾವು,
ಹಿಂದ ಅವರ್ಯಾರೂ ನೋಡದ ಹಿಮದ ಗುಡ್ಡ ನಾವ ಹಾಕಿರತೀವಿ.
ಹಂಥಾದ್ದ ಇರಬೇಕು ಅಂದ್ಕೊಂಡು
ಕರೆಂಟ್ ಬಂದ ಮ್ಯಾಲೆ ವೈರ್ ಚುಚ್ಚಿದೆ.

ಬಂದದ್ದು ತಕ್ಕಡಿ.
ತೊಲಿಗೆ ಜೋತುಬಿದ್ದ ದುಂಡು ಮುಖದ ತಕ್ಕಡಿ,
ಕೆಳಗ ನೀಲಿ ಚೀಲ,
ಚೀಲದಾಗಿಂದ ಎರಡು ಕಾಲು.
ಮುಂದಿನದೂ ತಕ್ಕಡಿ. ಅದರ ಮುಂದಿನದೂ.
ಗ್ವಾಡಿ ಮ್ಯಾಲಿನ ಆನಿ ವರ್ಷಾ ವರ್ಷಾ ಬಣ್ಣ ಬಿಡತೈತಿ,
ತೊಲಿ ಅದ, ಚೀಲ ಅದ,
ಕಾಲಷ್ಟ ಬ್ಯಾರೆ ಬ್ಯಾರೆ.

"ಮ್ಯಾಲಿನವರಿಗೆ ಕಳಸಾಕ ಹೊಡದವ್ರಿ.
ಅವ್ರು ಮುಳ್ಳಷ್ಟ ನೋಡ್ತಾರ."

ಮೌನೇಶ ನಮ್ಮ ಕಂಪ್ಯೂಟರಿನಾಂವ,
ಮದುಮಕ್ಕಳ ಮುಖದಾಗಿನ ಮೊಡವಿ ತಗದು ತಗದು ಕೈ ಪಳಗೈತಿ.
"ಹಿಂದಿಂದೆಲ್ಲಾ ಅಳಿಸಿ ಹೂವಿನ ತ್ವಾಟ ಹಾಕ್ಲೇನಕ್ಕಾ?"
"ಬ್ಯಾಡಪಾ. ಆನಿ ಇರ್ಲಿ."

ಒಂದೊಂದು ಪುಟಕ್ಕ ಕೂಡಿಸ್ತಾ ಹೋದಂಗ
ಆಕಿ ಬೆರಳಿಟ್ಟು ಹೇಳ್ತಾ ಹೋದ್ಲು:
"ಇಂವ ಹುಟ್ಟಿದಾಗ ಎರಡು ಕೇಜಿ ಇಲ್ಲ,
ಈಗ ಸೈಕಲ್ ಕೊಡೋ ಅಂದ್ರ ಕೊಡವಲ್ಲ.
ಇಕಿ ಚೀಲದಾಗ ಉಚ್ಚಿ ಹೊಯ್ದು ನೂರು ಗ್ರಾಮ್ ಇಳದ್ಲು,
ನೋಡ್ರಿ, ಅದಕ್ಕ ಎರಡು ಫೋಟೋ.
ಇಂವ..."
ಅಂದಾಕಿ ಸುಮ್ಮಾದ್ಲು.
ಮೌನೇಶ ಮೌಸ್ ಮ್ಯಾಲಿನ ಕೈ ತಡದ.
"ಹಾಕ್ರಿ. ಇವನಿಗೂ ತೂಕ ಇತ್ತಲ್ಲ."

ಎಣಿಸಿದ್ರ ಅರವತ್ಮೂರು.
ಕಾಗದದ್ದು ತನ್ನದೊಂದು ಹಟ:
ಹಾಳಿ ನಡುವ ಮಡಚಿದ್ರ ನಾಕು ಪುಟ.
ಮೂರು ಪುಟದ ಹಾಳಿ ದೇವರಿಂದನೂ ಆಗಿಲ್ಲ
ಅಂತಿದ್ದ ನಮ್ಮ ಉಸ್ತಾದ.
"ಒಂದು ಪುಟ ಖಾಲಿ ಉಳೀತೈತ್ರಿ ಟೀಚರ್.
ಗಣಪತಿ ಹಾಕ್ಲ್ಯಾ? ಗುಲಾಬಿ ಹಾಕ್ಲ್ಯಾ?"

ಅಲ್ಲೀತನಕ ಆ ಹುಡುಗಿ ನೆಲದಾಗ ಕುಂತು
ಬ್ಲೇಡಿನಡಿ ಬಿದ್ದ ಕಾಗದದ ಅಂಚು ಆರಿಸಿ ಜಡಿ ಹೆಣೀತಿತ್ತು.
ತಲಿ ಎತ್ತಲಿಲ್ಲ.
"ನಂದೆಲ್ಲೈತಿ?"

"ನೀ ಹುಟ್ಟಿದಾಗ ಈ ಫೋನ್ ಕೊಟ್ಟಿದ್ದಿಲ್ಲವಾ ಭೂಮಿಕಾ,"
ಅಂದ್ಲು ದೇವಕ್ಕ.
ಆಮ್ಯಾಲೆ ನನ್ನ ಕಡೆ ತಿರುಗಿ, ನಾ ಕೇಳದಿದ್ರೂ:
"ತೂಗೂದ ಆಗಲಿಲ್ರಿ.
ದಿನಾ ಅತ್ತಿ ಕಾಲ ಮ್ಯಾಲೆ ಹಾಕಿ ಓಡ್ತಿದ್ದೆ."

ಮೂಲ್ಯಾಗ ನಮ್ಮ ರದ್ದಿ ತೂಗೋ ಕಾಟಾ ಐತಿ.
ತಪ್ಪಾಗಿ ಅಚ್ಚಾದ ಲಗ್ನಪತ್ರ, ಹರದ ಪಂಚಾಂಗ,
ಗೋಣಿಚೀಲಕ್ಕ ತುಂಬಿ ಸಂಜಿಮುಂದ ಇಡ್ತೀವಿ.
ಹುಡುಗಿ ಯಾರನ್ನೂ ಕೇಳಲಿಲ್ಲ,
ಹೋಗಿ ಹತ್ತಿ ನಿಂತ್ಲು, ಕೈಯಾಗ ಕಾಗದದ ಜಡಿ.
"ಚಪ್ಪಲಿ ಬಿಡ," ಅಂದ್ಲು ಅವ್ವ, ಟೀಚರ್ ದನಿಯಾಗ.

ಇಪ್ಪತ್ಮೂರು ಕೇಜಿ ನಾಕನೂರು.
ಹೊಡಿಯೂ ಮುಂದ ಕೈ ಅಳಗ್ಯಾಡಿ ಫೋಟೋ ಮಸುಕು,
ಹುಡುಗಿ ಕಣ್ಣು ಮುಚ್ಚ್ಯಾಳ.
"ಇನ್ನೊಂದು ಹೊಡೀರಿ," ಅಂದ ಮೌನೇಶ.
"ಇರ್ಲಿ ಬಿಡಪಾ.
ಉಳಿದವು ಯಾವು ಕಣ್ಣು ತಗದಿದ್ವು?"

ಹೊಲಿದೆ. ಬೆನ್ನಿಗೆ ಸರೇಸು ಬಳದೆ.
ರಾತ್ರಿಯಿಡೀ ಹಲಗಿ ನಡುವ ಬಿಗಿದಿಟ್ಟೆ.
ಮುಂಜಾನಿ ಸುತ್ತಿ ಕೊಡೂ ಮೊದಲು
ಯಾಕೋ, ಕಾಟಾದ ಮ್ಯಾಲೆ ಇಟ್ಟು ನೋಡಿದೆ.
ಒಂದು ಕೇಜಿ ನೂರಾ ಎಂಬತ್ತು.
ಕಡಿಮಿ ಆತು ಅನಸ್ತು.
ರಟ್ಟು ಇನ್ನೊಂದೀಟು ದಪ್ಪಂದು ಹಾಕಬೇಕಿತ್ತು.