ನೂರ ಐವತ್ತಮೂರು

ಸಸೂನ್ ಡಾಕಿನ ಗೇಟಿನ ಒಳಗೆ
ನಸುಕಿನ ನಾಲ್ಕಕ್ಕೆ ನನ್ನ ಕುರ್ಚಿ, ನನ್ನ ಖಾತೆಪುಸ್ತಕ.
ಬುಟ್ಟಿ ಬಂತು, ತೂಗಿದರು, ಬರೆದೆ.
ಬುಟ್ಟಿ ಬಂತು, ತೂಗಿದರು, ಬರೆದೆ.
ಮೂವತ್ತೊಂದು ವರ್ಷ. ಬಂಗಡೆ, ಬೊಂಬಿಲ್, ಪಾಪ್ಲೆಟ್, ಸಿಗಡಿ.
ನನ್ನ ಅಂಗಿಯ ವಾಸನೆ ಈಗ ಹೆಂಡತಿಗೂ ಹತ್ತುವುದಿಲ್ಲ.

ಅಪ್ಪ ಬೀದರ ಕಡೆಯ ಹಳ್ಳಿಗಳಲ್ಲಿ
ಸೈಕಲ್ಲಿನ ಮೇಲೆ ಸುವಾರ್ತೆ ಹೊತ್ತು ತಿರುಗಿದವರು.
ತಗಡಿನ ಗುಡಿಯಲ್ಲಿ ಅವರು ಓದುವಾಗ
ನಾನು ಮಾಡಿನ ತೂತುಗಳನ್ನು ಎಣಿಸುತ್ತಿದ್ದೆ.
ಕಥೆಗಳೆಲ್ಲ ಬಾಯಿಪಾಠ.
ಬಾಯಿಪಾಠವೆಂದರೆ ಕಿಸೆಯಲ್ಲೇ ಸವೆದ ನಾಣ್ಯ,
ಮೇಲಿನ ಮುಖ ಯಾರದೋ.

ಈಸ್ಟರಿನ ಮಾರನೆಯ ಸೋಮವಾರ
ಸಿಗಡಿ ಸುಲಿಯುವ ಘಮ್ಲಿಬಾಯಿ ಕೇಳಿದಳು:
ನಿನ್ನಿ ಯಾಕ ಬರಲಿಲ್ಲ, ಲೆಕ್ಕದಣ್ಣಾ?
ಖಾತೆಯಿಂದ ಕಣ್ಣೆತ್ತದೆ ಹೇಳಿದೆ.
ಕೈಗೆ ಮೊಳೆ ಹೊಡೆದು ಕೊಂದಿದ್ದರು. ಮೂರನೆಯ ದಿನ ಎದ್ದ. ಅದರ ಹಬ್ಬ.
ಅವಳ ಬೆರಳು ನಿಲ್ಲಲಿಲ್ಲ.
ತಲೆ ಮುರಿ, ಸಿಪ್ಪೆ ಎಳೆ, ನರ ತೆಗೆ, ಎಸೆ.
ಎದ್ದು?
ಎದ್ದು ಒಂದು ದಿನ ನಸುಕಿನಲ್ಲಿ ದಡಕ್ಕೆ ಬಂದ.
ಗೆಳೆಯರದು ರಾತ್ರಿಯೆಲ್ಲ ಬಲೆ ಬೀಸಿ ಬರಿಗೈ.
ಬಲಗಡೆ ಬೀಸಿ ಅಂದ.
ಬಂದವು ದೊಡ್ಡ ಮೀನು, ನೂರ ಐವತ್ತಮೂರು.
ಯಾರ ಎಣಿಸಿದ್ರ?

ನನ್ನ ಪೆನ್ನು ನಿಂತಿತು.

ಹೌದಲ್ಲ. ಯಾರು?
ಸಾವಿನ ಬಾಗಿಲು ಕೀಲು ಕಿತ್ತು ಬಿದ್ದಿದೆ,
ಹೂತು ಬಂದ ಗೆಳೆಯ ಹತ್ತು ಮಾರು ದೂರದಲ್ಲಿ ನಿಂತಿದ್ದಾನೆ,
ಇಲ್ಲೊಬ್ಬ ಒದ್ದೆ ಮರಳಲ್ಲಿ ಕುಕ್ಕರುಗಾಲಲ್ಲಿ ಕೂತು
ಒದ್ದಾಡುವ ಮೀನನ್ನು ಕಿವಿರು ಹಿಡಿದೆತ್ತಿ
ಒಂದು, ಎರಡು, ಮೂರು,
ನಡುವೆ ತಪ್ಪಿ ಮತ್ತೆ ಒಂದರಿಂದ.
ಅವನು ನನ್ನ ಜಾತಿಯವನು.
ನಲವತ್ತು ಸಲ ಕೇಳಿದ ಕಥೆಯಲ್ಲಿ ನಾನೇ ಕೂತಿದ್ದೆ,
ನೋಡಿರಲಿಲ್ಲ.

ದಡದಾಗ ಅಂವ ಏನ ಮಾಡ್ತಿದ್ದ?
ಕೆಂಡ ಮಾಡಿ ಮೀನು ಸುಡುತ್ತಿದ್ದ. ರೊಟ್ಟಿಯೂ ಇತ್ತು.
ಘಮ್ಲಿಬಾಯಿ ನಕ್ಕಳು. ಎಲೆ ಅಡಿಕೆಯ ಕೆಂಪು ಬಾಯಿ,
ಅರ್ಧ ನಗುವಿನಲ್ಲೇ ನಿಂತಿತು.
ಸತ್ತ ಎದ್ದಂವ ಅಡಗಿ ಮಾಡಿದ್ನಾ?
ಕೊಂದವರ ಮನಿ ಬಾಗಲಿಗೆ ಹೋಗಲಿಲ್ಲಾ?
ಇಲ್ಲ.
ಮೀನ ಸುಡೂದು ಯಾರ ಕಲಿಸಿದ್ರ ಅಂವಗ?
ಇದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ.
ಅವ್ವ ಇರಬೇಕು, ಅಂದೆ.
ಇರಬೇಕು, ಅಂದಳು.

ಅಲ್ಲಿ ಇನ್ನೊಬ್ಬನಿದ್ದ, ನಾನೇ ಮುಂದುವರಿಸಿದೆ,
ಕೇಳದಿದ್ದರೂ. ಹಿಡಿದೊಯ್ದ ರಾತ್ರಿ
ಇಂಥದೇ ಕೆಂಡದ ಮುಂದೆ ಮೈ ಕಾಯಿಸುತ್ತ
ಇವನನ್ನು ಗೊತ್ತಿಲ್ಲ ಅಂದವನು. ಮೂರು ಸಲ ಅಂದವನು.
ಅಂವಗೂ ಕೊಟ್ನಾ?
ಕೊಟ್ಟ.
ಮೊಳಿ ಬಡದಿದ್ದ ಕೈಲೆನೇ?
ಅದೇ ಕೈಲೆ.

ಆಗ ಬೆರಳು ನಿಂತವು.
ಮಂಜುಗಡ್ಡೆ ಕಚ್ಚಿ ಬಿಳುಚಿದ ಬೆರಳು,
ಸಿಗಡಿಯ ಮುಳ್ಳು ಚುಚ್ಚಿ ಚುಚ್ಚಿ ಜರಡಿಯಾದವು,
ದಿನವೂ ಮನೆಗೆ ಹೋಗಿ ಪಟಕದ ನೀರಲ್ಲಿ ಅದ್ದಿಟ್ಟುಕೊಳ್ಳುವವು.
ತಿರುವಿ ತಿರುವಿ ನೋಡಿದಳು.
ಉಪ್ಪ ಹತ್ತಿದ್ರ ಭಾಳ ಉರೀತದ, ಅಂದಳು.
ಯಾರ ಕೈಯ ಮಾತೋ ಕೇಳಲಿಲ್ಲ ನಾನು.

ಉರಣದ ಕಡೆಯ ನೀರು ಬೆಳ್ಳಗಾಗುತ್ತಿತ್ತು.
ತೂಕದ ಕಲ್ಲಿನ ಮೇಲೊಂದು ಬೆಳ್ಳಕ್ಕಿ.
ಐಸ್ ಒಡೆಯುವ ಯಂತ್ರ ಒಂದು ಗಳಿಗೆ ಉಸಿರು ಹಿಡಿದಾಗ
ಯಾವುದೋ ದೋಣಿಯ ಹಿಂಬದಿಯಲ್ಲಿ
ಯಾರೋ ಕೋಳಿಯವರ ಹುಡುಗ ಒಲೆ ಊದುತ್ತಿದ್ದ,
ಬೆನ್ನಷ್ಟೇ ಕಾಣುತ್ತಿತ್ತು.
ಹೊಗೆ. ಸುಟ್ಟ ಮೀನಿನ ವಾಸನೆ.
ಮೂವತ್ತೊಂದು ವರ್ಷದಲ್ಲಿ ಮೊದಲ ಸಲ
ಮೂಗಿಗೆ ಬಂದ ಹಾಗೆ ಬಂತು.

ಕಿತೀ ಝಾಲೇ? ಮುಕಾದಮ ಕೂಗಿದ.
ಬುಟ್ಟಿ ಎಷ್ಟಾದವು, ಏ ಕಾರಕೂನ, ಎಷ್ಟು?
ಗೊತ್ತಿಲ್ಲ, ಅಂದೆ.
ಗೊತ್ತಿಲ್ಲ.