ಮಷೀನಿನ ಕಣ್ಣು ಬರೂತನಕ

ಕಪನೂರ ಮಿಲ್ಲಿನಾಗ
ಬ್ಯಾಳಿ ನೋಡೋ ಮಷೀನಿಗಿ ಕಣ್ಣು ಹೋಗ್ಯದಂತ.
ಮುನೀಮ ಯಶ್ವಂತರಾವ ತಾನೇ ಬಂದು ಹೇಳಿದ.
ಆರು ವರ್ಷದಾಗ ಇದು ಮೊದಲ ಸಲ
ನನ್ನ ಓಣಿ ಅಂವಗ ನೆನಪಾಗಿದ್ದು.

ಕಣ್ಣಂದ್ರ ಹೆಬ್ಬೆಟ್ಟಿನ ಉಗುರಷ್ಟಂತ.
ಸಮುದ್ರದಾಚಿಂದ ಬರಬೇಕು.
ಮೊದಲೆಲ್ಲ ಲಗೂನ ಬರ್ತಿತ್ತು,
ಪಂಚಮಿಗಿ ಮಗಳು ಬಂದ್ಹಂಗ.
ಈಗ ಅದರ ಮ್ಯಾಲ ಸುಂಕ ಏರಿಸ್ಯಾರ,
ಇಂಥಾವೆಲ್ಲ ಇಲ್ಲೇ ತಯಾರಾಗ್ಲಿ ಅಂತ.
ಇಲ್ಲೇ ಅಂದ್ರ ಎಲ್ಲಿ? ಅಂದೆ.
ಇಲ್ಲೇ ಅಂದ್ರ ದೇಶದಾಗ, ಅಂದ.
ಯಾರು ಮಾಡ್ತಾರ?
ಇನ್ನಾ ಯಾರೂ ಮಾಡಂಗಿಲ್ಲ.
ಅಲ್ಲಿತನಕ
ನಿನ್ನ ಕಣ್ಣು ಬೇಕಾಗ್ಯಾವ, ಜಗದೇವಿ.

ಆ ಮಷೀನು ಬಂದ ದಿನ ಕಾಯಿ ಒಡೆದಿದ್ದರು.
ನೀರು ನಮ್ಮ ಕಾಲಿಗೇ ಸಿಡಿದಿತ್ತು.
ಹಾರ ಬಾಡೂಕಿಂತ ಮೊದಲೇ
ಪಗಾರ ಬುಕ್ಕಿನಾಗ
ಇಪ್ಪತ್ತೆರಡು ಹೆಸರಿನ ಮ್ಯಾಲ ಅಡ್ಡಗೆರಿ.
ಆಗ ಅದಕ್ಕ ಸುಂಕ ಇದ್ದಿದ್ದಿಲ್ಲ.
ಇದ್ದಿದ್ದರ…
ಇರಲಿ ಬಿಡು.

ಹನ್ನೊಂದು ಮಂದಿ ತಿರುಗಿ ಬಂದೇವಿ.
ಖಾಜಾಬಿ ಬಂದಳು, ಮಂಡಿ ಹಿಡ್ಕೊಂಡು.
ಗುಂಡಮ್ಮ ಸತ್ತು ಹೋಗ್ಯಾಳ;
ಅಕಿ ಮರ ಬಂತು, ಸೊಸಿ ಕಂಕುಳಾಗ.
ಕರೀ ಕಾಳು, ಸಿಪ್ಪಿ ಹತ್ತಿದ್ದು, ಹಳ್ಳು, ಒಡಕು:
ಬೆರಳಿಗಿ ಎಲ್ಲಾ ನೆನಪಿತ್ತು,
ಕಣ್ಣಿಗೇ ಮಂಜು.

ಸೂಪರ್ ಮಾರ್ಕೆಟ್ಟಿನ ಚಷ್ಮಾ ದುಕಾನದಾಗ
ಹುಡುಗ ಎರಡು ಗಾಜು ತೆಗೆದಿಟ್ಟ.
ಇದು ಹೊರಗಿಂದು ಅಮ್ಮಾ, ತುಟ್ಟಿ ಆಗ್ಯದ.
ಇದು ನಮ್ಮದೇ, ಸೋವಿ,
ಅಂಚಿನಾಗ ಜರಾ ಬಗ್ಗಿ ಕಾಣ್ತದ ಅಷ್ಟೇ.
ನಮ್ಮದೇ ತಗೊಂಡೆ.
ನಾಕು ದಿನ ಬ್ಯಾಳಿ ಎಲ್ಲಾ ಕುಡುಗೋಲಿನಂಗ ಬಗ್ಗಿದ್ದವು,
ಗ್ವಾಡಿ ಬಗ್ಗಿತ್ತು, ಯಶ್ವಂತರಾವನೂ ಬಗ್ಗಿದ್ದ.
ಐದನೇ ದಿನ ಎಲ್ಲಾ ನೆಟ್ಟಗಾದವು.
ಗಾಜು ಸುಧಾರಿಸಿತೋ
ನಾ ಹೊಂದಿಕೊಂಡೆನೋ, ಯಾರು ಹೇಳಬೇಕು.

ಶನಿವಾರ ಪಗಾರ.
ಸೆರಗಿನಾಗ ಗಂಟು ಕಟ್ಟಿ ಮಹಾಂತಪ್ಪನ ಕಿರಾಣಿಗಿ ಹೋದೆ.
ನಮ್ಮ ಮಿಲ್ಲಿನ ಬ್ಯಾಳಿ ಕಿಲೋಕ ನಾಕು ರೂಪಾಯಿ ಏರಿತ್ತು.
ಯಾಕೋ ಮಹಾಂತಪ್ಪ?
ಕೈಲೆ ಹಸನ ಮಾಡ್ತಾರಂತ ಅಕ್ಕಾ, ಕೂಲಿ ಬೀಳ್ತದ.
ನಾ ನನ್ನ ಕೈ ನೋಡಿಕೊಂಡೆ.
ಉಗುರಿನ ಸಂದಿನಾಗ ಇನ್ನಾ ಹಳದಿ ಪುಡಿ ಇತ್ತು.

ಬಾಜೂಕ ಇನ್ನೊಂದು ಚೀಲ, ಬ್ಯಾರೆ ಅಕ್ಷರದ್ದು.
ಹಡಗಿನಾಗ ಬಂದದ್ದಂತ, ಆಫ್ರಿಕಾದ್ದು.
ಅದಕ್ಕ ಸುಂಕ ಮಾಫಿ,
ಪಟ್ಟಣದ ಮಂದಿಗಿ ಬ್ಯಾಳಿ ತುಟ್ಟಿ ಆಗಬಾರದಂತ.
ಕಣ್ಣಿಗಿ ಸುಂಕ, ಬ್ಯಾಳಿಗಿ ಮಾಫಿ;
ಈ ಲೆಕ್ಕಾ ಮಾಡಿದವನ ಮನ್ಯಾಗ
ಅಡಗಿ ಯಾರು ಮಾಡ್ತಾರೋ.

ಅರ್ಧ ಕಿಲೋ ತಗೊಂಡೆ. ಯಾವುದು ಅಂತ ಕೇಳಬ್ಯಾಡ್ರಿ.

ರಾತ್ರಿ ಮರಕ್ಕ ಸುರುವಿದೆ, ರೂಢಿ ನೋಡ್ರಿ.
ಕಾಳು ದಪ್ಪ, ಬಣ್ಣ ಮಾಸಲು,
ನಡುವೆ ಒಂದೇ ಒಂದು ಹಳ್ಳು.
ಅಂಗೈಯಾಗ ಹಿಡಿದು ಭಾಳ ಹೊತ್ತು ಕುಂತೆ.
ಅಲ್ಲೂ ಯಾವಳೋ ಇರಬೇಕು ಒಬ್ಬಾಕಿ,
ಅಕಿ ಕಣ್ಣೂ ಮಂದ ಆಗಿರಬೇಕು;
ಇಲ್ಲಾ ಅಕಿನ್ನೂ ಬಿಡಿಸಿ
ಕಾಯಿ ಒಡೆದಿರಬೇಕು.
ಹಳ್ಳು ಒಗೀಲಿಲ್ಲ. ದೀಪದ ಗೂಡಿನಾಗ ಇಟ್ಟೆ.

ಇವತ್ತ ಯಶ್ವಂತರಾವ ಅಂದ:
ಸೇಠ ಲೆಕ್ಕಾ ಹಾಕ್ಯಾನ.
ಸುಂಕ ಕೊಟ್ಟರೂ ಕಣ್ಣೇ ಸೋವಿ,
ನಿಮ್ಮ ಹನ್ನೊಂದು ಮಂದಿಗಿಂತ.
ಮುಂಬೈ ಬಂದರಿಗಿ ಬಂದು ಬಿದ್ದದ,
ಸುಂಕದವರು ಡಬ್ಬಿ ಬಿಚ್ಚಿ ನೋಡಿದರ ಆಯ್ತು.

ಸುಂಕದವನ ಮುಂದ ಸುಖ ದುಃಖ ಹೇಳಬಾರದು
ಅಂತಿದ್ದಳು ನಮ್ಮವ್ವ.
ಹೇಳಂಗಿಲ್ಲ.
ಇಷ್ಟೇ ಅಂತೀನಿ, ಯಪ್ಪಾ,
ಅವಸರ ಮಾಡಬ್ಯಾಡ.
ಒಂದೊಂದೇ ಡಬ್ಬಿ ತೆಗಿ,
ಬೆಳಕಿಗಿ ಹಿಡಿ, ಹೊಳ್ಳಿಸಿ ನೋಡು,
ಮರದಾಗ ನಾವು
ಕಾಳು ನೋಡ್ದಂಗ.