ಕೆಂಪು ನಲ್ಲಿಯ ತಂಪು

ಮಸ್ಕತ್ತಿಗೆ ಬಂದ ಮೊದಲ ಜೂನಿನಲ್ಲಿ
ನೀಲಿ ಚುಕ್ಕೆಯ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ.
ತಾರಸಿಯ ಟ್ಯಾಂಕಿಯಲ್ಲಿ ಹಗಲಿಡೀ ಕಾದ ನೀರು,
ಅನ್ನಕ್ಕೆ ಬೇರೆ ಎಸರಿಡುವುದೇ ಬೇಡ ಅನ್ನುವ ಹಾಗೆ.
ನನ್ನ ಕೂಗು ಗೋಡೆ ದಾಟಿರಬೇಕು,
ಎದುರು ಮನೆಯ ಅವ್ವಮ್ಮ
ಹಿಟ್ಟಿನ ಕೈಯಲ್ಲೇ ಬಂದು ಬಾಗಿಲು ಬಡಿದರು.

"ನೀಲಿಯನ್ನು ನಂಬುವುದಾ ಮಾರಾಯ್ತಿ, ಈ ಊರಲ್ಲಿ?
ಗೀಸರಿನ ಸ್ವಿಚ್ಚು ತೆಗೆ. ನಾಳೆವರೆಗೆ ಸುಮ್ಮನಿರು.
ಆಮೇಲೆ ಕೆಂಪು ತಿರುಗಿಸು."

ತಿರುಗಿಸಿದೆ.
ಕಾಯಿಸಲಿಕ್ಕೆಂದೇ ಹುಟ್ಟಿದ ಹಂಡೆ
ಮನೆಯೊಳಗಿನ ನೆರಳಲ್ಲಿ ಒಂದು ರಾತ್ರಿ ಕೂತು
ಐವತ್ತು ಲೀಟರ್ ಸಿಟ್ಟು ಇಳಿಸಿಕೊಂಡಿತ್ತು.
ಅಂದಿನಿಂದ ಮೂವರಿಗೆ ಮೂರು ಬಕೀಟು,
ನಾಲ್ಕನೆಯದು ಕೇಳಿದವರಿಗೆ ನಾಳೆ.
(ಮೂರನೆಯವಳು ಆಗಿನ್ನೂ ಹುಟ್ಟಿರಲಿಲ್ಲ,
ಲೆಕ್ಕ ಮಾತ್ರ ಮೊದಲೇ ಇತ್ತು.)

ಈಗ ಒಂಬತ್ತನೆಯ ಆಗಸ್ಟು.
ಬಿಲ್ಲು ನಲವತ್ತಾರು ರಿಯಾಲು.
ಇವರು ಮೊಬೈಲು ದೂರ ಹಿಡಿದು ಓದಿದರು,
ಹತ್ತಿರ ಹಿಡಿದು ಓದಿದರು,
ಕನ್ನಡಕ ಒರೆಸಿ ಇನ್ನೊಮ್ಮೆ.
"ಊಟ ಬಿಡೋಣವೋ, ನಿದ್ದೆ ಬಿಡೋಣವೋ?"
ತಮಾಷೆಗೆ ಅಂದದ್ದು.
ಯಾರೂ ನಗಲಿಲ್ಲ.

ಮತ್ತೆ ಅವ್ವಮ್ಮ.
ಫ್ರಿಜ್ಜಿನ ಬಾಗಿಲಿಗೆ ಒಂದು ರಿಯಾಲಿನ ನೋಟು ಸಿಕ್ಕಿಸಿ
ಮುಚ್ಚಿ, ಎಳೆದರು.
ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು.
"ನೋಡು, ಇದೇ ಸಂದಿಯಲ್ಲಿ
ನಿನ್ನ ಗಂಡನ ಸಂಬಳ ಒಂದೊಂದೇ ನೋಟಾಗಿ
ರಾತ್ರಿ ಎದ್ದು ಹೋಗುವುದು."
ಆ ನೋಟನ್ನು ಅವರೇ ಸೆರಗಿಗೆ ಕಟ್ಟಿಕೊಂಡರು,
ಸಲಹೆಯ ಫೀಸು ಅಂತ. ಸಂಜೆ ವಾಪಸು ಕೊಟ್ಟರು.

ವಾದಿ ಕಬೀರಿನ ಗುಜರಿಯಲ್ಲಿ ರಬ್ಬರು ಸಿಗಲಿಲ್ಲ,
ಎರಡು ರಿಯಾಲಿಗೆ ಇಡೀ ಬಾಗಿಲೇ ಸಿಕ್ಕಿತು.
ನಮ್ಮ ಫ್ರಿಜ್ಜು ಬಿಳಿ, ಈಗ ಅದರ ಮುಖ ಬೂದು,
ಬಂದವರೆಲ್ಲ ಒಮ್ಮೆ ನಿಂತು ನೋಡುತ್ತಾರೆ.

ಪಡುವಣ ಕಿಟಕಿಯಾಚೆ ಬೋಳು ಗುಡ್ಡ.
ಮರವಿಲ್ಲ, ಒಂದು ಹುಲ್ಲುಕಡ್ಡಿಯಿಲ್ಲ.
ಹಗಲು ಸಾಲ ಪಡೆದ ಬಿಸಿಲನ್ನು
ರಾತ್ರಿ ಹನ್ನೊಂದಕ್ಕೆ ತಪ್ಪದೆ ನಮ್ಮ ಮನೆಗೇ ತಂದುಕೊಡುವ
ಎಂಥ ಪ್ರಾಮಾಣಿಕ!
ಅದರ ಮೋರೆಗೆ ಬಿರಿಯಾನಿ ಕಟ್ಟುವ ಬೆಳ್ಳಿ ಹಾಳೆ ಅಂಟಿಸಿದೆ.
ಶುಕ್ರವಾರ ಎಸಿಯ ಜಾಳಿಗೆ ಬಿಚ್ಚಿದರೆ
ಧೂಳು ದಪ್ಪನೆಯ ಕಂಬಳಿಯಾಗಿತ್ತು.
ಪಾಪ, ಇಷ್ಟು ದಿನ ಅದು
ಸೆಕೆಯಲ್ಲಿ ಕಂಬಳಿ ಹೊದ್ದು ದುಡಿಯುತ್ತಿತ್ತು.

ಆಮೇಲೆ ಹಾಸಿಗೆ ಎಳೆದು ಮೂವರೂ ಒಂದೇ ಕೋಣೆಗೆ.
ಅಂಕಿ ಇಪ್ಪತ್ತೈದಕ್ಕೆ ನಿಲ್ಲಿಸಿದ್ದು.
ಗೋಡೆ ಕಡೆ ನಾನು, ಬಾಗಿಲ ಕಡೆ ಇವರು,
ನಡುವೆ ಚಿನ್ಮಯಿ, ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಾ.
ಗೊತ್ತಿರಲಿಲ್ಲ ನನಗೆ,
ಅವಳು ನಿದ್ದೆಯಲ್ಲಿ ಅವ್ವಮ್ಮನ ಬ್ಯಾರಿ ಮಾತಾಡುತ್ತಾಳೆಂದು.
ಇವರ ಬಗ್ಗೆಯೂ ಒಂದು ಗೊತ್ತಾಯಿತು:
ದುಡ್ಡಿನ ಚಿಂತೆಯ ರಾತ್ರಿ ಗೊರಕೆ ಹೊಡೆಯುವುದಿಲ್ಲ.
ಪಕ್ಕದಲ್ಲೇ ಮಲಗಿ ಒಂಬತ್ತು ವರ್ಷ,
ಎರಡು ವಾರ ಉಸಿರಿನ ಸದ್ದೂ ಇಲ್ಲದಾಗ ಲೆಕ್ಕ ಸಿಕ್ಕಿತು.

ಸೆಪ್ಟೆಂಬರಿನಲ್ಲಿ ಶಾಲೆಯಿಂದ ಒಂದು ಹಾಳೆ ಬಂತು.
ಎರಡು ನಲ್ಲಿಯ ಚಿತ್ರ, ಬಿಸಿಗೊಂದು ಬಣ್ಣ, ತಂಪಿಗೊಂದು.
ಮಗಳು ಬಿಸಿಗೆ ನೀಲಿ ಬಳಿದಿದ್ದಳು,
ತಂಪಿಗೆ ಕೆಂಪು,
ಒಂದು ಕಡೆಯೂ ಗೆರೆ ದಾಟದ ಹಾಗೆ.
ಟೀಚರು ಎರಡಕ್ಕೂ ಅಡ್ಡಗೆರೆ ಎಳೆದಿದ್ದರು.

"ಅಮ್ಮ, ನಮ್ಮ ಟೀಚರು ಸ್ನಾನ ಮಾಡುವುದಿಲ್ಲವಾ?"

ಪರೀಕ್ಷೆಗೆ ಕೆಂಪೇ ಬಿಸಿ ಅಂದೆ.
ಮತ್ತೆ ಸ್ನಾನಕ್ಕೆ?
ಸ್ನಾನಕ್ಕೆ ನವೆಂಬರು ಬರಲಿ, ನೋಡೋಣ.
ಅವಳು ಹಾಳೆ ತಿರುಗಿಸಿ ಹಿಂಬದಿಯಲ್ಲಿ
ನೀಲಿ ಸೂರ್ಯನನ್ನು ಬರೆಯತೊಡಗಿದಳು.

ಮೊನ್ನೆ ಬಂದ ಬಿಲ್ಲು
ಇಪ್ಪತ್ತೊಂಬತ್ತು ರಿಯಾಲು, ಆರುನೂರು ಬೈಸ.
ಇವರು ಒಂದೇ ಸಲ ಓದಿ ಮೊಬೈಲು ಕೆಳಗಿಟ್ಟರು.
ದೀಪ ಆರಿಸಿ ಐದು ನಿಮಿಷವಾಗಿರಲಿಲ್ಲ,
ಶುರುವಾಯಿತು, ಹಳೇ ಲಾರಿ ಘಾಟಿ ಹತ್ತಿದ ಹಾಗೆ.

ಕತ್ತಲಲ್ಲಿ ಚಿನ್ಮಯಿ ನನ್ನ ಕಿವಿಗೆ ಬಂದಳು:
"ಅಮ್ಮ, ಇದರ ಸ್ವಿಚ್ಚೆಲ್ಲಿದೆ?"

ಇರಲಿ ಬಿಡು ಅಂದೆ.
ಓಡಲಿ.